ಗ್ರಂಥಾಲಯದಲ್ಲಿ ಪ್ರದರ್ಶನ, ಉಪನ್ಯಾಸ ಬೇಕೇ? ಬೇಕಾದರೆ ಓದಲು ಬಂದವರು ಎಲ್ಲಿ ಕೂರಬೇಕು?

ವಿದ್ಯಾನಗರದ ಓದುಗಿ, ಹುಬ್ಬಳ್ಳಿ

ಕಳೆದ ನವೆಂಬರಿನ ಗ್ರಂಥಾಲಯ ಸಪ್ತಾಹದಲ್ಲಿ ನಾನು ಹೋಗುವ ಶಾಖೆಯಲ್ಲಿ ಪುಸ್ತಕ ಪ್ರದರ್ಶನ ಏರ್ಪಟ್ಟಿತ್ತು. ವಾಚನಾಲಯದ ಅರ್ಧದಷ್ಟು ಮೇಜುಗಳನ್ನು ಗೋಡೆಗೆ ಸರಿಸಿ, ಬಿಳಿ ಬಟ್ಟೆ ಹಾಸಿ, ಪುಸ್ತಕಗಳನ್ನು ಸಾಲಾಗಿ ಜೋಡಿಸಿದ್ದರು. ದೀಪ ಬೆಳಗಿಸಿದರು, ಶಾಲು ಹೊದಿಸಿದರು, ಭಾಷಣಗಳಾದವು. ನಾನು ಒಂದು ಪುಸ್ತಕ ಎತ್ತಿಕೊಂಡು ಎರಡು ಪುಟ ತಿರುವಿದ್ದಕ್ಕೆ ‘ಮುಟ್ಟಬೇಡಿ ಮೇಡಂ, ಪ್ರದರ್ಶನಕ್ಕೆ ಇಟ್ಟದ್ದು’ ಎಂದರು. ಎರವಲು ಕೇಳಿದರೆ ಸಪ್ತಾಹ ಮುಗಿದ ಮೇಲೆ ಬನ್ನಿ ಎಂದರು. ಅದೇ ಹೊತ್ತಿಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಕುರ್ಚಿ ಸಿಗದೆ ಬಾಗಿಲಲ್ಲಿ ಜಗಳಕ್ಕೆ ನಿಂತಿದ್ದರು. ಅವರ ಸಿಟ್ಟು ನನಗೆ ನ್ಯಾಯವಾಗಿಯೇ ಕಂಡಿತು.

ಆ ಗದ್ದಲದ ನಂತರ ‘ಇನ್ನು ಇಲ್ಲಿ ಯಾವ ಕಾರ್ಯಕ್ರಮವೂ ಬೇಡ’ ಎಂಬ ಮಾತು ಓದುಗರಲ್ಲೂ ಸಿಬ್ಬಂದಿಯಲ್ಲೂ ಗಟ್ಟಿಯಾಗುತ್ತಿದೆ. ಇದನ್ನು ನಾನು ಒಪ್ಪುವುದಿಲ್ಲ. ಕಪಾಟುಗಳಲ್ಲಿ ಇರುವ ಪುಸ್ತಕಗಳ ಪರಿಚಯವನ್ನು ಯಾರಾದರೂ ಮಾಡಿಕೊಡದಿದ್ದರೆ ಹೊಸದಾಗಿ ಬಂದವರು ದಿನಪತ್ರಿಕೆ ಓದಿ ಎದ್ದು ಹೋಗುತ್ತಾರೆ. ಓದುವವರ ಜಾಗ ಕಸಿಯದೆ, ಶಾಲು-ಹಾರಗಳಲ್ಲೇ ಮುಗಿದುಹೋಗದೆ ಗ್ರಂಥಾಲಯ ಏನು ಮಾಡಬಹುದು? ಶಾಖೆಗೆ ಲಿಖಿತ ಮನವಿ ಕೊಡಬೇಕೆಂದಿದ್ದೇನೆ. ನಿಮ್ಮ ಸಲಹೆ ಬೇಕು.

ಸಪ್ತಾಪುರದ ಅಭ್ಯರ್ಥಿ, ಧಾರವಾಡ

ಅಕ್ಕಾ, ಬಾಗಿಲಲ್ಲಿ ನಿಂತವರ ಪರವಾಗಿ ಹೇಳುತ್ತೇನೆ. ನಾನು ರೋಣ ತಾಲ್ಲೂಕಿನ ಹಳ್ಳಿಯಿಂದ ಬಂದು ಪಿಎಸ್‌ಐ, ಪಿಡಿಒ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಒಂದೇ ಕೋಣೆಯಲ್ಲಿ ನಾಲ್ವರಿದ್ದೇವೆ. ಒಬ್ಬ ಮಲಗಿದರೆ ಇನ್ನೊಬ್ಬ ಲೈಟು ಹಾಕುವಂತಿಲ್ಲ. ಸಪ್ತಾಪುರದ ಸುತ್ತ ಓದುವ ಕೋಣೆಗಳು ಬಾಡಿಗೆಗೆ ಸಿಗುತ್ತವೆ, ನಿಜ. ಕೋಚಿಂಗ್ ಶುಲ್ಕ, ಮೆಸ್ ಊಟ, ಕೋಣೆ ಬಾಡಿಗೆ ಕಟ್ಟಿದ ಮೇಲೆ ಅದಕ್ಕೆ ಹಣ ಎಲ್ಲಿಂದ ತರಬೇಕು? ಗ್ರಂಥಾಲಯದ ಕುರ್ಚಿಯೊಂದೇ ನಮಗೆ ಪುಕ್ಕಟೆ ಸಿಗುವುದು. ಪ್ರದರ್ಶನಕ್ಕೆ ಬಂದವರು ಅರ್ಧ ಗಂಟೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅದಕ್ಕಾಗಿ ನಾವು ವಾರವಿಡೀ ಹೊರಗೆ ನಿಲ್ಲಬೇಕೇ? ಪರೀಕ್ಷೆಯ ದಿನಾಂಕ ಯಾವ ಸಪ್ತಾಹಕ್ಕೂ ಕಾಯುವುದಿಲ್ಲ.

ಹಳೇಹುಬ್ಬಳ್ಳಿ ಓಣಿ

ತಮ್ಮನ ಮಾತು ನೂರಕ್ಕೆ ನೂರು ಸರಿ. ಮೊದಲು ಕುರ್ಚಿ, ಆಮೇಲೆ ಮಾಲೆ.

ನಿವೃತ್ತ ಗ್ರಂಥಪಾಲಕ, ಗದಗ

ಓದುಗಿಯವರೇ, ಅಭ್ಯರ್ಥಿ ತಮ್ಮಾ, ಇಬ್ಬರಿಗೂ ಸೇರಿಸಿಯೇ ಉತ್ತರಿಸುತ್ತೇನೆ. ನನ್ನ ಸೇವೆಯ ಬಹುಪಾಲು ವಿತರಣಾ ವಿಭಾಗದ ಮೇಜಿನ ಹಿಂದೆಯೇ ಕಳೆದಿದೆ.

ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಹೇಳಿದರು. ಪುಸ್ತಕಗಳಿರುವುದು ಬಳಕೆಗೆ ಎಂಬುದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಎರಡನೆಯದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮೂರನೆಯದು. ಅಭ್ಯರ್ಥಿಗಳ ಕುರ್ಚಿ ಎರಡನೆಯ ಸೂತ್ರದ ಪ್ರಶ್ನೆ. ಪ್ರದರ್ಶನ ಮೂರನೆಯ ಸೂತ್ರದ ಕೆಲಸ. ಬಿಳಿ ಬಟ್ಟೆ ಹಾಸಿ ಮುಟ್ಟಬೇಡಿ ಎಂದವರು ಮೊದಲನೆಯ ಸೂತ್ರವನ್ನೇ ಮುರಿದಿದ್ದಾರೆ. ಓದುಗ ಪುಸ್ತಕವನ್ನು ಕೈಗೆತ್ತಿಕೊಂಡು, ಮನಸ್ಸಿಗೆ ಬಂದರೆ ಅಲ್ಲಿಂದಲೇ ಮನೆಗೆ ಒಯ್ಯುವಂತಿರಬೇಕು. ಜಾಗ ಖಾಲಿಯಾದರೆ ಇನ್ನೊಂದು ಪುಸ್ತಕ ಇಟ್ಟರಾಯಿತು. ಸಂಜೆಯ ಹೊತ್ತಿಗೆ ಮೇಜು ಬರಿದಾಗಿದ್ದರೆ ಗ್ರಂಥಪಾಲಕ ಹೆಮ್ಮೆಪಡಬೇಕು.

ಇದಕ್ಕೆ ವಾಚನಾಲಯವೇ ಬೇಕಿಲ್ಲ. ಒಳಗೆ ಬರುವ ದಾರಿಯಲ್ಲಿ ಒಂದು ಮೇಜು, ಗೋಡೆಯ ಮೇಲೊಂದು ಹಲಗೆ ಸಾಕು. ಹದಿನೈದು ದಿನಕ್ಕೊಮ್ಮೆ ವಿಷಯ ಬದಲಾಗಲಿ. ನಾನು ಮಾಡುತ್ತಿದ್ದ ಒಂದು ಕೆಲಸ ಹೇಳುತ್ತೇನೆ. ಪುಸ್ತಕದ ಒಳಗೆ ಹಿಂತಿರುಗಿಸುವ ದಿನಾಂಕದ ಚೀಟಿ ಅಂಟಿಸಿರುತ್ತದೆಯಲ್ಲ, ಅದನ್ನು ನೋಡಿದರೆ ಆ ಪುಸ್ತಕ ಎಷ್ಟು ಸಲ ಹೊರಗೆ ಹೋಗಿದೆ ಎಂದು ತಿಳಿಯುತ್ತದೆ. ಒಂದೂ ಮುದ್ರೆ ಬೀಳದ ಪುಸ್ತಕಗಳನ್ನು ಹುಡುಕಿ ತೆಗೆದು, ಅದರಲ್ಲಿ ಏನಿದೆ ಎಂದು ಮೂರು ಸಾಲು ಬರೆದು, ಮುಖಪುಟ ಕಾಣುವಂತೆ ಇಡುತ್ತಿದ್ದೆ. ವರ್ಷಗಟ್ಟಲೆ ಕದಲದ ಪುಸ್ತಕಗಳು ಹೊರಡುತ್ತಿದ್ದವು.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ

ಗುರುಗಳೇ, ಹೇಳುವುದು ಸುಲಭ. ಇರುವ ಸಿಬ್ಬಂದಿಗೆ ಪುಸ್ತಕ ಜೋಡಿಸಲು ಪುರುಸೊತ್ತಿಲ್ಲ. ಸರ್ಕಾರ ಹಣ ಕೊಡದಿದ್ದರೆ ಗ್ರಂಥಾಲಯದವರು ತಾನೇ ಏನು ಮಾಡಿಯಾರು?

ಕರದಾತ, ಹುಬ್ಬಳ್ಳಿ

ಹಣ ಸರ್ಕಾರದಿಂದ ಮಾತ್ರ ಬರುವುದಲ್ಲ ಸರ್. ನಾವೇ ಕಟ್ಟುತ್ತಿದ್ದೇವೆ. ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಸಾಲು ಪ್ರತ್ಯೇಕವಾಗಿ ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಕರ ವಸೂಲಾಗುತ್ತದೆ. ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ಸೇರಬೇಕಾದದ್ದು ಗ್ರಂಥಾಲಯಕ್ಕೆ. ಸಂಗ್ರಹವಾದ ಕರ ಬಾಕಿ ಉಳಿದಿದೆ ಎಂಬ ದೂರು ರಾಜ್ಯದ ಹಲವೆಡೆ ಕೇಳಿಬಂದಿದೆ. ನಮ್ಮಲ್ಲಿ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಕೇಳುವ ಹಕ್ಕು ನಮಗಿದೆ. ಕಾಡಿಬೇಡಿ ಪಡೆಯುವ ಉಪಕಾರ ಇದಲ್ಲ.

ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ಇದೆ, 1972ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ್ದು. ಅದು ಪುಸ್ತಕ ಖರೀದಿಗಷ್ಟೇ ಅಲ್ಲ, ವಿಚಾರಸಂಕಿರಣ, ಪುಸ್ತಕ ಪ್ರದರ್ಶನಗಳಿಗೂ ನೆರವು ಕೊಡುವ ಯೋಜನೆ ಇಟ್ಟುಕೊಂಡಿದೆ. ಮನವಿಯಲ್ಲಿ ಇದನ್ನೂ ಬರೆಯಿರಿ ಅಕ್ಕಾ.

ಮಾಳಮಡ್ಡಿಯ ಹಿರಿಯ, ಧಾರವಾಡ

ನನ್ನದು ವಿರೋಧದ ದನಿ. ಧಾರವಾಡದಲ್ಲಿ ಕಾರ್ಯಕ್ರಮಗಳಿಗೆ ಬರವಿದೆಯೇ? ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಇದೆ. ಸಾಧನಕೇರಿಯಲ್ಲಿ ಬೇಂದ್ರೆ ಭವನವಿದೆ, ರಂಗಾಯಣವಿದೆ, ಸೃಜನಾ ರಂಗಮಂದಿರವಿದೆ. ಸಂಜೆಯಾದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದಷ್ಟು ಕಾರ್ಯಕ್ರಮಗಳು. ಗ್ರಂಥಾಲಯವೊಂದಾದರೂ ಮೌನವಾಗಿರಲಿ. ಓದಲು ಬಂದವನ ಕಿವಿಗೆ ಮೈಕು ಬೀಳಬಾರದು. ಈ ಊರಿನಲ್ಲಿ ಮೌನವಾಗಿ ಕೂರಲು ಸಿಗುವ ಜಾಗಗಳು ಒಂದೊಂದಾಗಿ ಮುಚ್ಚಿಹೋಗುತ್ತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎರಡು ಮಕ್ಕಳ ತಾಯಿ, ನವನಗರ

ಕಾಕಾ, ನೀವು ಹೇಳಿದ ಎಲ್ಲ ಸಭಾಂಗಣಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿಗೆ ಬರುವವರು ಸಾಹಿತ್ಯ ಗೊತ್ತಿದ್ದವರು, ಆಮಂತ್ರಣ ಪತ್ರಿಕೆ ಕೈ ಸೇರುವವರು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮಗಳು ಆರನೆಯ ತರಗತಿ. ಅವಳು ಸಭಾಂಗಣದ ಮೆಟ್ಟಿಲು ಹತ್ತುವುದಿಲ್ಲ. ಗ್ರಂಥಾಲಯಕ್ಕೆ ಮಾತ್ರ ನನ್ನ ಮಕ್ಕಳ ಜೊತೆ ಓಡಿ ಬರುತ್ತಾಳೆ, ಏಕೆಂದರೆ ಅಲ್ಲಿ ಯಾರೂ ‘ನೀನು ಯಾರ ಮಗಳು’ ಎಂದು ಕೇಳುವುದಿಲ್ಲ. ಅವಳಿಗೊಂದು ಕಥೆ ಹೇಳುವವರು ಅಲ್ಲಿ ಬೇಕು.

ಭಾನುವಾರ ಒಂದು ಗಂಟೆ ಮಕ್ಕಳ ವಿಭಾಗದಲ್ಲಿ ಕಥೆ ಓದುವ ಕಾರ್ಯಕ್ರಮ ಇಟ್ಟರೆ ಸಾಕು. ಮೈಕು ಬೇಡ, ಅತಿಥಿ ಬೇಡ. ಕಥೆ ಓದಿ, ಅದೇ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು ಕಳುಹಿಸಬೇಕು. ಕಥೆ ಓದಲು ನಾನು ಬರುತ್ತೇನೆ, ಪ್ರತಿ ವಾರ ಬರುತ್ತೇನೆ. ಮಕ್ಕಳ ವಿಭಾಗದ ಬಾಗಿಲಿಗೆ ಬೀಗ ಹಾಕಿಡುವುದನ್ನು ಮೊದಲು ನಿಲ್ಲಿಸಲಿ.

ಮಾಳಮಡ್ಡಿಯ ಹಿರಿಯ, ಧಾರವಾಡ

ತಂಗೀ, ಮಕ್ಕಳ ಕಥೆಗೆ ನನ್ನ ತಕರಾರಿಲ್ಲ. ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಾಡಿರಿ. ಮೈಕಿನ ಮಾತು ಮಾತ್ರ ನಾನು ಬಿಡುವುದಿಲ್ಲ.

ಬೆಟಗೇರಿ ಮಗ್ಗ, ಗದಗ

ಗದಗಿನವನಾಗಿ ಒಂದು ವಿಷಯ ಹೇಳದೆ ಇರಲಾರೆ. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಲ್ಲಿನ ಬ್ರಹ್ಮ ಜಿನಾಲಯ 1007ನೆಯ ಇಸವಿಯದು, ಅವಳೇ ಕಟ್ಟಿಸಿದ್ದು. ಲಿಪಿಕಾರರು ತಾಳೆಗರಿಯ ಮೇಲೆ ಕಂಟವೆಂಬ ಲೋಹದ ಲೇಖನಿಯಿಂದ ಕೊರೆದು ಕೊರೆದು ಒಂದೊಂದೇ ಪ್ರತಿ ಸಿದ್ಧಪಡಿಸಬೇಕಿದ್ದ ಕಾಲ. ಅಂಥ ನೆಲದ ಗ್ರಂಥಾಲಯದಲ್ಲಿ ಅವಳ ಬಗ್ಗೆ ಒಂದು ಫಲಕವಾದರೂ ಬೇಡವೇ? ನಮ್ಮ ಶಾಲಾ ಮಕ್ಕಳು ಲಕ್ಕುಂಡಿಗೆ ಪ್ರವಾಸ ಹೋಗುತ್ತಾರೆ, ಗುಡಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಸಾವಿರ ಪ್ರತಿಗಳ ಸುದ್ದಿ ಅವರಿಗೆ ಯಾರೂ ಹೇಳುವುದಿಲ್ಲ.

ಇನ್ನು ನಾಟಕ. ಶಾಂತಕವಿಗಳ ಕೃತಪುರ ನಾಟಕ ಮಂಡಳಿ ನಮ್ಮೂರಿನದು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಇಲ್ಲಿಯದೇ. ಕಂಪನಿ ನಾಟಕಗಳ ಕರಪತ್ರಗಳು ಎಷ್ಟೋ ಮನೆಗಳ ಅಟ್ಟದ ಮೇಲೆ, ಟ್ರಂಕುಗಳಲ್ಲಿ ಇವೆ. ಇಲಿ ತಿನ್ನುವ ಮೊದಲು ಅವನ್ನು ತಂದು ತೋರಿಸಿ ಎಂದು ಗ್ರಂಥಾಲಯವೇ ಊರಿಗೆ ಕರೆ ಕೊಡಬೇಕು. ಆದರೆ ಒಂದು ಎಚ್ಚರಿಕೆ. ನಮ್ಮ ಮನೆಯ ಹಳೆಯ ಕರಪತ್ರವೊಂದನ್ನು ಪ್ರದರ್ಶನಕ್ಕೆಂದು ಒಂದು ಸಂಸ್ಥೆಯವರು ಒಯ್ದಿದ್ದರು. ಮರಳಿ ಬಂದಾಗ ನಾಲ್ಕೂ ಮೂಲೆಗೆ ಸೆಲೊ ಟೇಪು ಅಂಟಿತ್ತು. ಕಿತ್ತರೆ ಅಕ್ಷರವೂ ಕಿತ್ತು ಬರುತ್ತದೆ. ನಮ್ಮ ತಂದೆ ಆ ದಿನ ಊಟ ಮಾಡಲಿಲ್ಲ.

ಹಳೆಯ ಕಾಗದ, ಧಾರವಾಡ

ಮಗ್ಗದ ಅಣ್ಣಾ, ಓದಿ ಸಂಕಟವಾಯಿತು. ಕಾಗದಪತ್ರಗಳ ಸಂರಕ್ಷಣೆಯ ಕೆಲಸ ಮಾಡುವವಳು ನಾನು. ಮನವಿಗೆ ಈ ಅಂಶಗಳನ್ನು ದಯವಿಟ್ಟು ಸೇರಿಸಿ.

ಮನೆಗಳಿಂದ ತಂದ ಹಳೆಯ ಕಾಗದವನ್ನು ಗೋಡೆಗೆ ಅಂಟಿಸಲೇಬಾರದು. ಅಲ್ಲೇ ಸ್ಕ್ಯಾನ್ ಮಾಡಿ, ಮೂಲವನ್ನು ಅದೇ ದಿನ ಮನೆಯವರ ಕೈಗೆ ಮರಳಿಸಿ, ಮುದ್ರಿತ ನಕಲನ್ನು ತೋರಿಸಬೇಕು. ನೋಡುವವರಿಗೆ ನಕಲೇ ಅನುಕೂಲ, ಅಕ್ಷರ ದೊಡ್ಡದಾಗಿಸಬಹುದು. ಮೂಲವನ್ನೇ ಇಡಬೇಕೆಂದಿದ್ದರೆ ಕಿಟಕಿಯ ಬಿಸಿಲಿನಿಂದ ದೂರ, ಗಾಜಿನ ಪೆಟ್ಟಿಗೆಯಲ್ಲಿ, ಕಡಿಮೆ ಬೆಳಕಿನಲ್ಲಿ ಇಡಬೇಕು. ಇಂಥ ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡವೆಂಬುದು ಸಂಗ್ರಹಾಲಯಗಳು ಪಾಲಿಸುವ ಪದ್ಧತಿ. ಮಸುಕಾದ ಬಣ್ಣವನ್ನು ಮರಳಿ ತರುವ ಯಾವ ಉಪಾಯವೂ ಇಲ್ಲ. ಗಟ್ಟಿಯಾಗಿ ಉಳಿಯಲೆಂದು ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸುತ್ತಾರೆ, ಅದೂ ಬೇಡ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ಎಳೆಗಳಲ್ಲಿ ಇಳಿದ ಮೇಲೆ ಬಿಡಿಸಲಾಗುವುದಿಲ್ಲ.

ಕಾನೂನು ಓದುವವ, ಹುಬ್ಬಳ್ಳಿ

ಹಕ್ಕುಸ್ವಾಮ್ಯದ ವಿಷಯ ಯಾರೂ ಎತ್ತಲಿಲ್ಲ. ಲೇಖಕ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಆದ್ದರಿಂದ 2041ರ ಕೊನೆಯವರೆಗೆ ಅವರ ಇಡೀ ಕವಿತೆಯನ್ನು ಫಲಕದ ಮೇಲೆ ಅಚ್ಚು ಹಾಕಿಸಲು ಅನುಮತಿ ಬೇಕು. ಆಲೂರು ವೆಂಕಟರಾಯರು 1964ರಲ್ಲಿ ಹೋದವರು, ಅವರ ಬರಹಗಳ ಅವಧಿ 2024ಕ್ಕೆ ಮುಗಿದಿದೆ. ಧಾರಾಳವಾಗಿ ಬಳಸಬಹುದು. ಗ್ರಂಥಾಲಯದಲ್ಲಿರುವ ಪುಸ್ತಕವನ್ನೇ ತೆರೆದು ಇಡುವುದಕ್ಕೆ ಯಾರ ಅನುಮತಿಯೂ ಬೇಡ.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ

ಹಾಗಾದರೆ ನವೆಂಬರ್ 1ರ ಪ್ರದರ್ಶನಕ್ಕೆ ವಿಷಯ ಸಿಕ್ಕಿತು. ಏಕೀಕರಣದ ಬಗ್ಗೆ ಆಲೂರರ ಬರಹಗಳು, ವಿದ್ಯಾವರ್ಧಕ ಸಂಘ 1896ರಲ್ಲಿ ಶುರು ಮಾಡಿದ ವಾಗ್ಭೂಷಣ ಪತ್ರಿಕೆ, ಅದರಗುಂಚಿ ಶಂಕರಗೌಡರ 1953ರ ಉಪವಾಸ. ಅದರಗುಂಚಿ ಹುಬ್ಬಳ್ಳಿಗೆ ಎಷ್ಟು ಹತ್ತಿರ! ನಮ್ಮ ಮಕ್ಕಳಿಗೆ ಆ ಊರಿನ ಹೆಸರು ಬಸ್ಸಿನ ಬೋರ್ಡಿನಲ್ಲಿ ಮಾತ್ರ ಗೊತ್ತು.

ಗಿರ್ಮಿಟ್ ಪ್ರೇಮಿ

ಪ್ರದರ್ಶನ ನೋಡಿ ಹೊರಗೆ ಬಂದರೆ ಗಿರ್ಮಿಟ್, ಮಿರ್ಚಿ ಭಜಿ ಬೇಕೇ ಬೇಕು. ಗ್ರಂಥಾಲಯದ ಎದುರು ಗಾಡಿ ಇರುವ ಕಡೆ ಓದುಗರೂ ಹೆಚ್ಚು, ಇದು ನಾನು ಬಲವಾಗಿ ನಂಬಿರುವ ಮಾತು. ಗಿರ್ಮಿಟ್ ಮಾತ್ರ ಹುಬ್ಬಳ್ಳಿಯದೇ ಆಗಬೇಕು.

ಹಳೇಹುಬ್ಬಳ್ಳಿ ಓಣಿ

ಒಪ್ಪಿದೆ. ಧಾರವಾಡದವರು ಪೇಢೆ ನೋಡಿಕೊಳ್ಳಲಿ.

ಮಾಳಮಡ್ಡಿಯ ಹಿರಿಯ, ಧಾರವಾಡ

ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಿದವರನ್ನು ನಾನು ಕ್ಷಮಿಸುವುದಿಲ್ಲ.

ನಿರ್ವಾಹಕರು

ಗಿರ್ಮಿಟ್ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಮನವಿಯ ವಿಷಯ ಮುಂದುವರಿಯಲಿ.

ಏಲಕ್ಕಿ ಮಾಲೆ, ಹಾವೇರಿ

ದೊಡ್ಡ ಊರುಗಳವರು ಕೋಣೆ, ಗಾಜಿನ ಪೆಟ್ಟಿಗೆ ಎಂದು ಮಾತನಾಡುತ್ತಿದ್ದೀರಿ. ನಮ್ಮ ಹಾವೇರಿಯಲ್ಲಿ 2023ರ ಜನವರಿಯಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಪುಸ್ತಕ ಮಳಿಗೆಗಳ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬಂದವರು ಚೀಲ ತುಂಬಿಕೊಂಡು ಹೋದರು. ಓದುವವರು ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಆ ಮೂರು ದಿನಗಳನ್ನು ನೆನಪಿಸುತ್ತೇನೆ. ಆದರೆ ಸಮ್ಮೇಳನ ಮುಗಿದ ಮೇಲೆ ಆ ಜನರನ್ನು ಮತ್ತೆ ಪುಸ್ತಕದ ಹತ್ತಿರ ಕರೆಯುವ ಕೆಲಸವನ್ನು ಯಾರು ಮಾಡಿದರು? ಮೂರು ದಿನದ ಜಾತ್ರೆಗೆ ಇರುವ ಉತ್ಸಾಹ ವರ್ಷದ ಉಳಿದ ದಿನಗಳಿಗೆ ಇರುವುದಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಗಳಗನಾಥರು ನಮ್ಮ ಜಿಲ್ಲೆಯವರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಅವರು ಓದುಗರಿದ್ದಲ್ಲಿಗೆ ನಡೆದು ಹೋದರು. ಗ್ರಂಥಾಲಯವೂ ಹಾಗೆ ಹೊರಗೆ ಬರಬೇಕು. ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಒಂದು ಮೇಜು ಹಾಕಿ, ಸದಸ್ಯತ್ವದ ಅರ್ಜಿ ಇಟ್ಟುಕೊಂಡು ಕುಳಿತರೆ ಸಾಕು. ಬ್ಯಾಡಗಿ ಮೆಣಸಿನಕಾಯಿ ಹಂಗಾಮಿನಲ್ಲಿ ಮಾರುಕಟ್ಟೆಗೆ ಬರುವ ರೈತರು ಎಷ್ಟೋ ಹೊತ್ತು ಕಾಯುತ್ತಾರೆ. ಬೆಳೆರೋಗದ ಪುಸ್ತಕ, ಸಾಲದ ನಿಯಮಗಳ ಪುಸ್ತಕ, ಒಂದು ಕಾದಂಬರಿ, ಎಲ್ಲವನ್ನೂ ಅಲ್ಲಿಗೇ ಒಯ್ಯಬಹುದು. ಗ್ರಂಥಾಲಯ ಇಲಾಖೆ ತನ್ನ ಹಳ್ಳಿ ಗ್ರಂಥಾಲಯಗಳಲ್ಲೂ ಇದನ್ನು ಮಾಡಬೇಕು.

ಕರದಾತ, ಹುಬ್ಬಳ್ಳಿ

ಸಣ್ಣ ತಿದ್ದುಪಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಗ್ರಂಥಾಲಯ ಇಲಾಖೆಯ ಕೈಯಲ್ಲಿಲ್ಲ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋಗಿವೆ, ಅರಿವು ಕೇಂದ್ರಗಳು ಎನ್ನುತ್ತಾರೆ. ಹಳ್ಳಿಯ ಅರ್ಜಿಯನ್ನು ಪಂಚಾಯಿತಿಗೆ ಕೊಡಬೇಕು, ನಗರದ್ದನ್ನು ನಗರ ಕೇಂದ್ರ ಗ್ರಂಥಾಲಯಕ್ಕೆ.

ಏಲಕ್ಕಿ ಮಾಲೆ, ಹಾವೇರಿ

ಅರ್ಜಿ ಯಾವ ಇಲಾಖೆಗಾದರೂ ಹೋಗಲಿ, ಮೇಜು ಸಂತೆಗೆ ಬರಲಿ.

ಕೇಳುವ ಓದುಗ, ಗದಗ

ನನಗೆ ದೃಷ್ಟಿ ಇಲ್ಲ. ಫೋನು ಓದಿ ಹೇಳುವುದನ್ನು ಕೇಳಿ ಇಲ್ಲಿ ಬರೆಯುತ್ತಿದ್ದೇನೆ. ಮೈಕು ಬೇಡ ಎಂದು ಎಲ್ಲರೂ ಹೇಳಿದಿರಿ, ಸರಿ. ಆದರೆ ನನ್ನಂಥವರಿಗೆ ಗ್ರಂಥಾಲಯ ಸಿಗುವುದೇ ಯಾರಾದರೂ ಗಟ್ಟಿಯಾಗಿ ಓದಿದಾಗ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತು ನಾಡಿಗೆಲ್ಲ ಹೆಸರಾದರು. ಅದೇ ಊರಿನಲ್ಲಿ ಹೊಸ ಕಾದಂಬರಿಯೊಂದು ನನಗೆ ಬೇಕೆಂದರೆ ಓದಿ ಹೇಳುವವರನ್ನು ಹುಡುಕಿ ಅಲೆಯಬೇಕು. ವಾರಕ್ಕೊಂದು ಗಂಟೆ, ಒಂದು ಕೋಣೆಯಲ್ಲಿ, ಒಬ್ಬರು ಓದಲಿ. ನಾನಲ್ಲದೆ ಕಣ್ಣು ಮಂಜಾದ ಹಿರಿಯರೂ ಬರುತ್ತಾರೆ. ಪ್ರದರ್ಶನವನ್ನು ಮೇಲಿನ ಮಹಡಿಯಲ್ಲಿ ಇಡಬೇಡಿ, ಮೆಟ್ಟಿಲು ಹತ್ತಲಾಗದವರು ಬಹಳ ಜನ ಇದ್ದಾರೆ.

ಮಾಳಮಡ್ಡಿಯ ಹಿರಿಯ, ಧಾರವಾಡ

ಕೇಳುವ ಓದುಗರೇ, ನಮ್ಮ ಊರಿನ ಶಾಖೆಯಲ್ಲಿ ಅಂಥದ್ದು ಶುರುವಾದರೆ ಓದುವ ಕೆಲಸ ನನಗೆ ಕೊಡಿಸಿ. ದನಿ ಇನ್ನೂ ಗಟ್ಟಿಯಿದೆ.

ಸಪ್ತಾಪುರದ ಅಭ್ಯರ್ಥಿ, ಧಾರವಾಡ

ಎಲ್ಲವನ್ನೂ ಓದಿದೆ. ನಮ್ಮ ಗುಂಪಿನಲ್ಲೂ ಮಾತಾಯಿತು. ನಮ್ಮ ಬೇಡಿಕೆ ಇಷ್ಟು: ಓದುವ ಮೇಜನ್ನು ಯಾರೂ ಸರಿಸಬಾರದು, ಕಾರ್ಯಕ್ರಮದ ಸೂಚನೆಯನ್ನು ವಾರ ಮೊದಲೇ ಫಲಕಕ್ಕೆ ಹಾಕಬೇಕು, ದೊಡ್ಡ ಪರೀಕ್ಷೆಗಳ ಹಿಂದಿನ ವಾರ ಏನನ್ನೂ ಇಡಬಾರದು. ಇದಕ್ಕೆ ಒಪ್ಪಿದರೆ ನಾವೇ ಕೆಲಸಕ್ಕೆ ಬರುತ್ತೇವೆ. ಪುಸ್ತಕದ ಬಗ್ಗೆ ಮೂರು ಸಾಲು ಬರೆಯುವುದು ನಮಗೆ ಪ್ರಬಂಧದ ಅಭ್ಯಾಸವೂ ಆಗುತ್ತದೆ. ಏಕೀಕರಣ, ಸಹಕಾರ ಚಳವಳಿ ನಮ್ಮ ಪಠ್ಯದಲ್ಲೇ ಇವೆ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾಯಿತು ಎಂದು ಎಲ್ಲರೂ ಬಾಯಿಪಾಠ ಮಾಡುತ್ತೇವೆ, ಸಿದ್ದನಗೌಡ ಪಾಟೀಲರ ಹೆಸರೂ ಗೊತ್ತು. ಊರಿನ ರೈತರು ಏಕೆ ಒಂದಾದರು, ಬಡ್ಡಿ ಹೇಗೆ ಕಟ್ಟುತ್ತಿದ್ದರು ಎಂದು ಯಾವ ಗೈಡಿನಲ್ಲೂ ಇಲ್ಲ. ಅಂಥ ಮೇಜೊಂದಿದ್ದರೆ ನಾನೇ ಮೊದಲು ನಿಂತು ಓದುತ್ತೇನೆ.

ಇನ್ನೊಂದು ಕೋರಿಕೆ. ಸಂದರ್ಶನ ಎದುರಿಸಿ ಕೆಲಸಕ್ಕೆ ಸೇರಿದ ನಮ್ಮ ಹಿರಿಯ ಅಭ್ಯರ್ಥಿಗಳನ್ನು ತಿಂಗಳಿಗೊಮ್ಮೆ ಕರೆಯಿಸಿ. ನಮಗೂ ಒಂದು ಕಾರ್ಯಕ್ರಮ ಸಿಕ್ಕಂತಾಗುತ್ತದೆ.

ನಿವೃತ್ತ ಗ್ರಂಥಪಾಲಕ, ಗದಗ

ಶಭಾಷ್ ತಮ್ಮಾ. ಕಣಗಿನಹಾಳಕ್ಕೆ ಗದಗಿನಿಂದ ದೂರವಿಲ್ಲ. ಒಂದು ಭಾನುವಾರ ನಾಲ್ಕು ಜನ ಬನ್ನಿ, ಅಲ್ಲಿಯ ಹಿರಿಯರನ್ನು ನಾವೇ ಮಾತನಾಡಿಸೋಣ. ಫಲಕಕ್ಕೆ ಬೇಕಾದ ಮೂರು ಸಾಲಿಗಿಂತ ಹೆಚ್ಚೇ ಸಿಗುತ್ತದೆ.

ವಿದ್ಯಾನಗರದ ಓದುಗಿ, ಹುಬ್ಬಳ್ಳಿ

ಮನವಿಯ ಕರಡು ಸಿದ್ಧವಾಗಿದೆ. ಓದುವ ಮೇಜು ಅಲುಗಬಾರದು. ಬಾಗಿಲ ದಾರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬದಲಾಗುವ ಪುಸ್ತಕ ಮೇಜು, ಅಲ್ಲಿಂದಲೇ ಎರವಲು. ಮಕ್ಕಳ ವಿಭಾಗದಲ್ಲಿ ಭಾನುವಾರ ಕಥೆ, ನೆಲಮಹಡಿಯಲ್ಲಿ ವಾರಕ್ಕೊಮ್ಮೆ ಗಟ್ಟಿ ಓದು. ಮನೆಗಳಿಂದ ಬರುವ ಹಳೆಯ ಕಾಗದಗಳಿಗೆ ಸ್ಕ್ಯಾನ್, ಮೂಲ ಅದೇ ದಿನ ವಾಪಸ್. ಗ್ರಂಥಾಲಯ ಕರದ ಲೆಕ್ಕವನ್ನು ಫಲಕದಲ್ಲಿ ಪ್ರಕಟಿಸಬೇಕು. ಉದ್ಘಾಟನೆ ಇಲ್ಲದೆ ಶುರು ಮಾಡಬೇಕು ಎಂಬ ಸಾಲನ್ನೂ ಬರೆದಿದ್ದೇನೆ. ಬುಧವಾರ ಬೆಳಿಗ್ಗೆ 11ಕ್ಕೆ ಕೊಡಲು ಹೋಗುತ್ತಿದ್ದೇನೆ, ಸಹಿ ಹಾಕುವವರು ಅಷ್ಟರೊಳಗೆ ಬನ್ನಿ.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ

ಉದ್ಘಾಟನೆ ಬೇಡ ಎಂದರೆ ಜನಪ್ರತಿನಿಧಿಗಳು ಅನುದಾನಕ್ಕೆ ಕೈ ಹಾಕುವುದಿಲ್ಲ. ಆ ಸಾಲು ತೆಗೆಯಿರಿ ಎಂಬುದು ನನ್ನ ಸಲಹೆ.

ಕರದಾತ, ಹುಬ್ಬಳ್ಳಿ

ತೆಗೆಯಬೇಡಿ ಅಕ್ಕಾ. ಕರ ನಾವು ಕಟ್ಟಿದ್ದೇವೆ.

ಎರಡು ಮಕ್ಕಳ ತಾಯಿ, ನವನಗರ

ಬುಧವಾರ ನಾನೂ ಬರುತ್ತೇನೆ. ಕಥೆಯ ಸಮಯವನ್ನು ಬೆಳಿಗ್ಗೆ 10 ಎಂದು ಬರೆಯಿರಿ. ಮನೆಗೆಲಸದವರ ಮಕ್ಕಳಿಗೆ ಸಂಜೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹೊಣೆ ಇರುತ್ತದೆ, ಆಗ ಇಟ್ಟರೆ ಅವರು ಬರುವುದಿಲ್ಲ.